ಕಾರ್ನುಂಟುಂ: ಅಗೆಯದೆ ಕಂಡ ಊರಿನಲ್ಲಿ ಒಂದು ದಿನ

ವಿಯೆನ್ನಾದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ಬಯಲಿನಲ್ಲಿರುವ ಕಾರ್ನುಂಟುಂ ಎಂಬ ರೋಮನ್ ನಗರದ ಅವಶೇಷಗಳನ್ನು ನೋಡಲು ಹೊರಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಅಲ್ಲಿನ ಅತ್ಯಂತ ಕುತೂಹಲಕರವಾದ ಕಟ್ಟಡ ಹೊಲದ ಅಡಿಯಲ್ಲಿದೆ, ಅದರ ನಕ್ಷೆ ಗುದ್ದಲಿಯಿಂದಲ್ಲ, ರೇಡಾರ್‌ನಿಂದ ದೊರೆತದ್ದು. ವಿಯೆನ್ನಾದಲ್ಲಿ ನಮ್ಮನ್ನು ಕರೆದೊಯ್ಯಲು ಬಂದ ಪ್ರವಾಸ ಸಂಸ್ಥೆಯೊಂದು ಇಡೀ ಸ್ಥಳಕ್ಕೆ ಎರಡು ಗಂಟೆ ಸಾಕೆಂದು ಹೇಳಿತ್ತು. ಆ ಮಾತನ್ನು ನಂಬದೆ ಎಸ್7 ರೈಲು ಹಿಡಿದು ಪೆಟ್ರೋನೆಲ್-ಕಾರ್ನುಂಟುಂ ನಿಲ್ದಾಣದಲ್ಲಿ ಇಳಿದು ಇಡೀ ದಿನ ಕಳೆದದ್ದಕ್ಕೆ ನನಗೆ ವಿಷಾದವಿಲ್ಲ.

ಹೆಚ್ಚಿನವರು ನೇರವಾಗಿ ಹೋಗುವುದು ಮರುನಿರ್ಮಿಸಿದ ಬಡಾವಣೆಗೆ. ಲೂಸಿಯಸ್‌ನ ಮನೆ, ಶ್ರೀಮಂತರ ವಿಲ್ಲಾ ಮತ್ತು ಸಾರ್ವಜನಿಕ ಸ್ನಾನಗೃಹಗಳನ್ನು ಹಳೆಯ ತಳಪಾಯಗಳಿದ್ದ ಜಾಗದಲ್ಲೇ, ನಾಲ್ಕನೆಯ ಶತಮಾನದ ರೂಪದಲ್ಲಿ ಮತ್ತೆ ಕಟ್ಟಲಾಗಿದೆ. ನೆಲದ ಕೆಳಗೆ ಬಿಸಿಗಾಳಿ ಹರಿಸುವ ವ್ಯವಸ್ಥೆಯೂ ನಿಜವಾಗಿ ಕೆಲಸ ಮಾಡುತ್ತದೆ. ಗೋಡೆಯ ಬಣ್ಣದಿಂದ ಹಿಡಿದು ಅಡುಗೆಮನೆಯ ಪಾತ್ರೆಗಳವರೆಗೆ ಎಲ್ಲವೂ ಸೊಗಸಾಗಿದ್ದರೂ, ಇಷ್ಟೊಂದು ನಿಖರವಾಗಿ ಕಾಣುವ ಕಟ್ಟಡದಲ್ಲಿ ಪುರಾವೆ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಎಂಬುದನ್ನು ನೋಡುಗನೇ ಕೇಳಿಕೊಳ್ಳುತ್ತಿರಬೇಕಾಗುತ್ತದೆ.

ನನ್ನ ಆಸಕ್ತಿ ಇದ್ದದ್ದು ಆಂಫಿಥಿಯೇಟರ್‌ನ, ಅಂದರೆ ಸುತ್ತಲೂ ಆಸನಗಳಿದ್ದ ಬಯಲು ಕ್ರೀಡಾಂಗಣದ, ಪಕ್ಕದ ಬಯಲಿನಲ್ಲಿ. ವಿಯೆನ್ನಾದ ಲುಡ್ವಿಗ್ ಬೋಲ್ಟ್ಸ್‌ಮನ್ ಸಂಸ್ಥೆಯ ಪುರಾತತ್ವ ಸಮೀಕ್ಷಾ ವಿಭಾಗದವರು, ವುಲ್ಫ್‌ಗಾಂಗ್ ನೊಯ್‌ಬಾವರ್ ಅವರ ನೇತೃತ್ವದಲ್ಲಿ, ಇಲ್ಲಿ ಗ್ಲ್ಯಾಡಿಯೇಟರ್‌ಗಳ, ಅಂದರೆ ಜನರ ಮನರಂಜನೆಗಾಗಿ ಕಾದಾಡುತ್ತಿದ್ದವರ, ಗರಡಿಯೊಂದು ಹುದುಗಿದೆಯೆಂದು 2011ರಲ್ಲಿ ಪ್ರಕಟಿಸಿದರು. ವಾಹನಕ್ಕೆ ಜೋಡಿಸಿದ ರೇಡಾರ್ ಆಂಟೆನಾಗಳ ಸಾಲು ಹೊಲದ ಮೇಲೆ ಸಾಗುತ್ತ ನೆಲದೊಳಕ್ಕೆ ವಿದ್ಯುತ್ಕಾಂತೀಯ ಸ್ಪಂದನಗಳನ್ನು ಕಳಿಸುತ್ತದೆ. ಮಣ್ಣು ಮುಗಿದು ಕಲ್ಲು ಆರಂಭವಾಗುವ ಕಡೆ ಅವು ಪ್ರತಿಫಲಿಸಿ ಮರಳುತ್ತವೆ, ಮರಳಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕಹಾಕುತ್ತಾರೆ. ಹೀಗೆ ಸಿಕ್ಕ ಮಾಹಿತಿಯನ್ನು ಪದರ ಪದರವಾಗಿ ಬಿಡಿಸಿದಾಗ ಸುಮಾರು 2,800 ಚದರ ಮೀಟರ್ ವಿಸ್ತಾರದ ಕಟ್ಟಡ ಗೋಚರಿಸಿತು: ನಡುವೆ ಅಂಗಳ, ಅಂಗಳದಲ್ಲಿ 19 ಮೀಟರ್ ವ್ಯಾಸದ ದುಂಡನೆಯ ತಾಲೀಮು ಅಖಾಡ, ಅಖಾಡದ ಮಧ್ಯೆ ಕತ್ತಿವರಸೆ ಕಲಿಯಲು ನೆಟ್ಟ ಕಂಬದ ತಳಪಾಯ, ಸುತ್ತ ಸ್ನಾನಗೃಹ, ಬೆಚ್ಚಗಿನ ಅಭ್ಯಾಸ ಮಂದಿರ ಮತ್ತು ಹೋರಾಟಗಾರರು ಮಲಗುತ್ತಿದ್ದ ಇಕ್ಕಟ್ಟಾದ ಕೋಣೆಗಳು. ನಮ್ಮ ಊರುಗಳ ಗರಡಿಗೆ ಪೈಲ್ವಾನರು ಮನಸ್ಸಿದ್ದು ಬರುತ್ತಾರೆ; ಇಲ್ಲಿದ್ದವರಲ್ಲಿ ಬಹಳ ಮಂದಿ ಗುಲಾಮರೂ ಸೆರೆಯಾಳುಗಳೂ ಆಗಿದ್ದರೆಂಬುದು ಆ ಕೋಣೆಗಳ ಅಳತೆಯನ್ನು ನೋಡುವಾಗ ನೆನಪಾಗದೆ ಇರದು.

ರೇಡಾರ್ ಒಂದರಿಂದಲೇ ಎಲ್ಲವೂ ತಿಳಿದದ್ದಲ್ಲ. ವೈಮಾನಿಕ ಚಿತ್ರಗಳು ಮೊದಲ ಸುಳಿವು ನೀಡಿದ್ದವು. ನೆಲದ ಕಾಂತಕ್ಷೇತ್ರವನ್ನು ಅಳೆಯುವ ಕಾಂತಮಾಪಕಗಳು ಒಲೆ, ಆವಿಗೆ, ಮುಚ್ಚಿಹೋದ ಕಂದಕಗಳಂಥವನ್ನು ಗುರುತಿಸಿದವು. ಅಲ್ಲಿನ ಭೂಕಾಂತಕ್ಷೇತ್ರದ ಸುಮಾರು 48,000 ನ್ಯಾನೋಟೆಸ್ಲಾಗಳಲ್ಲಿ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಬೆರಳೆಣಿಕೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಈ ಉಪಕರಣದ ಸೂಕ್ಷ್ಮತೆ ನನ್ನನ್ನು ರೇಡಾರ್‌ಗಿಂತಲೂ ಹೆಚ್ಚು ಬೆರಗುಗೊಳಿಸಿತು. ಮುಂದೆ ಆಂಫಿಥಿಯೇಟರ್‌ಗೆ ಹೋಗುವ ದಾರಿಯುದ್ದಕ್ಕೂ ಅಂಗಡಿ, ಪಾನಗೃಹ, ಬೇಕರಿಗಳ ಸಾಲು ಇತ್ತೆಂಬುದೂ ಇದೇ ಸಮೀಕ್ಷೆಗಳಿಂದ ತಿಳಿಯಿತು. ಜಾತ್ರೆಯ ಬೀದಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಧಾನಕ್ಕೆ ಪೂರ್ಣ ಅಂಕ ಕೊಡಲಾರೆ. ಗೋಡೆ ಎಲ್ಲಿದೆ ಎಂದು ರೇಡಾರ್ ಹೇಳುತ್ತದೆಯೇ ಹೊರತು ಯಾವ ವರ್ಷದ್ದೆಂದು ಹೇಳುವುದಿಲ್ಲ. ಅದಕ್ಕೆ ನಾಣ್ಯವೋ ಮಡಕೆಯ ಚೂರೋ ಬೇಕು, ಅಂದರೆ ಎಲ್ಲೋ ಒಂದು ಕಡೆ ಅಗೆಯಲೇಬೇಕು. ಜೇಡಿ ಹೆಚ್ಚಿರುವ, ತೇವ ತುಂಬಿದ ಮಣ್ಣು ಅದರ ಸ್ಪಂದನಗಳನ್ನು ಬೇಗನೆ ಹೀರಿಕೊಳ್ಳುತ್ತದೆ. ಆದ್ದರಿಂದ ಉತ್ತರ ಕರ್ನಾಟಕದ ಎರೆಮಣ್ಣಿನ ಹೊಲಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಕಾರ್ನುಂಟುಂನಷ್ಟು ಸ್ಪಷ್ಟವಾದ ಚಿತ್ರವನ್ನು ನಿರೀಕ್ಷಿಸುವುದು ಕಷ್ಟ. ಆದರೂ ಅಗೆದ ಪದರವನ್ನು ಮತ್ತೆ ಜೋಡಿಸಲಾಗದು ಎಂಬುದನ್ನು ಬಲ್ಲವರು, ಮೊದಲು ಯಂತ್ರವನ್ನು ಓಡಿಸಿ ಆಮೇಲೆ ಗುದ್ದಲಿ ಎತ್ತುವ ಈ ಕ್ರಮವನ್ನು ಮೆಚ್ಚದಿರಲಾರರು.

ಸಂದರ್ಶಕರಿಗೆ ನನ್ನ ಸಲಹೆ ಇಷ್ಟೆ. ಚಳಿಗಾಲದಲ್ಲಿ ಈ ಅವಶೇಷಗಳ ಪುರಾತತ್ವ ಉದ್ಯಾನ ಮುಚ್ಚಿರುವುದರಿಂದ ವಸಂತದಲ್ಲಿ ಹೋಗಿ; ಗರಡಿಯ ನಕ್ಷೆಯನ್ನು ಫೋನಿನಲ್ಲಿ ಇಟ್ಟುಕೊಂಡು ಬಯಲಿನ ಮುಂದೆ ನಿಂತು ಹೋಲಿಸಿ ನೋಡಿ. ಸಂಜೆಗೆ ಹೈಡೆನ್‌ಟೋರ್ ಎಂಬ ನಾಲ್ಕನೆಯ ಶತಮಾನದ ಕಮಾನಿನವರೆಗೆ ನಡೆದುಹೋಗಿ. ಅದರ ಎದುರಿನ ಪಾರದರ್ಶಕ ಫಲಕದ ಮೇಲೆ ಮೂಲ ಕಟ್ಟಡದ ರೇಖಾಚಿತ್ರವಿದೆ. ಸರಿಯಾದ ಜಾಗದಲ್ಲಿ ನಿಂತರೆ ಉಳಿದಿರುವ ಎರಡು ಕಂಬಗಳ ಮೇಲೆ ಆ ಗೆರೆಗಳು ಕೂಡಿಕೊಂಡು, ಬಿದ್ದುಹೋದ ಭಾಗವೆಲ್ಲ ಆಕಾಶದ ಎದುರು ಎದ್ದು ನಿಲ್ಲುತ್ತದೆ.