ಹಗುರ ಪೈಲ್ವಾನರಿಗೆ ಬೇರೆ ಶೋ ಬೇಕಾ? ಟೂರ್ನಿ, ವಾರದ ಶೋ, ನೈಟ್ರೋ ಮೂರನ್ನೂ ನೋಡಿ ಹೇಳುತ್ತಿದ್ದೇನೆ

ಅಮೆರಿಕದ ಟಿವಿ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇ ತನ್ನ ಶೋಗಳನ್ನು ಆನ್‌ಲೈನ್‌ನಲ್ಲಿ ತೋರಿಸುತ್ತಿದ್ದ ನೆಟ್‌ವರ್ಕಿಗೆ ನಾನು ದುಡ್ಡು ಕಟ್ಟಿದ್ದು ಒಂದೇ ಕಾರಣಕ್ಕೆ. 2016ರ ಜುಲೈನಲ್ಲಿ ಅಲ್ಲಿ ಕ್ರೂಸರ್‌ವೇಟ್ ಕ್ಲಾಸಿಕ್ ಶುರುವಾಯಿತು. 205 ಪೌಂಡ್, ಅಂದರೆ ಹೆಚ್ಚುಕಮ್ಮಿ 93 ಕೆಜಿ ಒಳಗಿನ 32 ಜನರ ಟೂರ್ನಿ. ತಿಂಗಳಿಗೆ 9.99 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 670 ರೂಪಾಯಿ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಡುವ ನನಗೆ ಅದು ಸಣ್ಣ ಮೊತ್ತವಲ್ಲ. ಮನೆ ಕೇಬಲ್ಲಿಗೆ ಅದರ ಅರ್ಧವೂ ಆಗುತ್ತಿರಲಿಲ್ಲ. ಆದರೂ ಆ ಹತ್ತು ವಾರ ಕೊಟ್ಟ ಒಂದೊಂದು ರೂಪಾಯಿಯೂ ವಸೂಲಾಯಿತು.

ಅದೇ ವರ್ಷ ನವೆಂಬರ್ 29ಕ್ಕೆ ಹಗುರದವರಿಗಂತಲೇ 205 ಲೈವ್ ಎಂಬ ವಾರದ ಶೋ ಬಂತು. ಅದನ್ನು ನೋಡಲು ಕಟ್ಟಿದ ದುಡ್ಡು ಮಾತ್ರ ನನ್ನ ಮನಸ್ಸಿಗೆ ಹತ್ತಲಿಲ್ಲ. ಮಾಡಿದವರು ಹೆಚ್ಚುಕಮ್ಮಿ ಅದೇ ಹುಡುಗರು, ಪಟ್ಟುಗಳೂ ಅವೇ.

ನಮ್ಮ ಸೋದರಮಾವ ಹರೆಯದಲ್ಲಿ ಗರಡಿಗೆ ಹೋದವರು. ಅರವತ್ತೆರಡು ಕೆಜಿ ತೂಕದಲ್ಲಿ ಸುತ್ತಲಿನ ಹಳ್ಳಿಗಳ ಜಾತ್ರೆ ಕುಸ್ತಿ ಹಿಡಿದವರು. ನಾನು ಟಿವಿಯಲ್ಲಿ ಕುಸ್ತಿ ಹಾಕಿದರೆ ಎದ್ದು ಹೋಗುತ್ತಿದ್ದರು. ಸೋಲು ಗೆಲುವು ಮೊದಲೇ ಬರೆದಿಟ್ಟಿರುತ್ತಾರೆ ಅನ್ನೋದು ಅವರಿಗೂ ಗೊತ್ತು, ನನಗೂ ಗೊತ್ತು. ಅಂಥವರು ಕ್ಲಾಸಿಕ್‌ಗೆ ಕೂತರು. ಪ್ರತಿ ಪಂದ್ಯಕ್ಕೂ ಮೊದಲು ಇವನು ಯಾರು, ಯಾವ ದೇಶದವನು, ಎಲ್ಲಿ ಕಲಿತ ಅಂತ ಒಂದೆರಡು ನಿಮಿಷ ತೋರಿಸುತ್ತಿದ್ದರು. ತೂಕ ಹೇಳುತ್ತಿದ್ದರು. ಆಮೇಲೆ ಕೈ ಕುಲುಕಿ ಸೀದಾ ಕುಸ್ತಿ. ಮೈಕ್ ಹಿಡಿದು ಕಾಲು ಗಂಟೆ ಬೈದಾಡುವುದು ಇರಲಿಲ್ಲ. ಮಾಮನಿಗೆ ಅಷ್ಟು ಸಾಕಾಯಿತು.

ಅಮೆರಿಕದಲ್ಲಿ ಬುಧವಾರ ರಾತ್ರಿ ಅಂದರೆ ನಮಗೆ ಗುರುವಾರ ಬೆಳಿಗ್ಗೆ ಆರೂವರೆ. ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ, ಪಿಕ್ಚರ್ ಕ್ವಾಲಿಟಿ ಪೂರ್ತಿ ಇಳಿಸಿ ನೋಡುತ್ತಿದ್ದೆವು. ಜಿಯೋ ಬರುವ ಮುಂಚಿನ ತಿಂಗಳುಗಳು ಅವು, ಡೇಟಾ ಜೋಪಾನ ಮಾಡಬೇಕಿತ್ತು. ಸೆಡ್ರಿಕ್ ಅಲೆಕ್ಸಾಂಡರ್ ಮತ್ತು ಜಪಾನಿನ ಕೋಟಾ ಇಬುಶಿ ಆಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಮಿರ್ಚಿ. ಮಾಮ ಮಿರ್ಚಿ ಕೈಯಲ್ಲಿ ಹಿಡಿದವರು ಕಡಿಯಲೇ ಇಲ್ಲ. "ಅಳಿಯಾ, ಮುಖ ನೋಡಬ್ಯಾಡ, ಅವನ ಪಾದ ನೋಡು" ಅಂದರು. ಇಬುಶಿ ಎಲ್ಲಿಂದ ಹಾರಿದರೂ ಪಾದ ಸರಿಯಾದ ಜಾಗಕ್ಕೇ ಬಂದು ಕೂರುತ್ತಿತ್ತು. ಸೆಡ್ರಿಕ್ ಸೋತ. ಸೋತವನನ್ನು ಕೆಲಸಕ್ಕೆ ತಗೊಳ್ಳಿ ಅಂತ ಇಡೀ ಹಾಲ್ ಒಂದೇ ಸಮನೆ ಕೂಗಿತು, ಕಂಪನಿಯ ದೊಡ್ಡ ಅಧಿಕಾರಿ ಟ್ರಿಪಲ್ ಎಚ್ ಅವರೇ ಹೊರಗೆ ಬರಬೇಕಾಯಿತು. ಅದು ಫ್ಲಾರಿಡಾದ ಫುಲ್ ಸೇಲ್ ಯೂನಿವರ್ಸಿಟಿಯ ಸಣ್ಣ ಹಾಲ್. ಆದರೆ ಅಲ್ಲಿ ಕೂತವರು ಬಂದಿದ್ದೇ ಈ ಹುಡುಗರನ್ನು ನೋಡೋಕೆ.

ಅದೇ ವರ್ಷ ಆಗಸ್ಟ್ 18ರ ನಸುಕಿನಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ 58 ಕೆಜಿ ವಿಭಾಗದಲ್ಲಿ ಕಂಚು ಗೆದ್ದರು. ಆ ಸುದ್ದಿ ನೋಡಿಕೊಂಡೇ ಅವತ್ತಿನ ಕ್ಲಾಸಿಕ್‌ಗೆ ಕೂತೆವು. ನಮಗೆ ಒಲಿಂಪಿಕ್ಸ್ ಕುಸ್ತಿಯಲ್ಲಿ ಬಂದ ಪದಕಗಳನ್ನು ಒಂದು ಸಲ ಲೆಕ್ಕ ಹಾಕಿ ನೋಡಿ. 1952ರ ಖಾಶಾಬಾ ಜಾಧವ್ 57 ಕೆಜಿ, ಸುಶೀಲ್ ಕುಮಾರ್ 66, ಯೋಗೇಶ್ವರ್ ದತ್ 60, ಆಮೇಲಿನ ರವಿ ದಹಿಯಾ 57, ಬಜರಂಗ್ 65, ಅಮನ್ ಸೆಹ್ರಾವತ್ 57. ಎಲ್ಲರೂ 66 ಕೆಜಿ ಒಳಗಿನವರೇ. 93 ಕೆಜಿಯವನನ್ನು ಹಗುರದವನು ಅನ್ನೋದು ಟಿವಿಯಲ್ಲಿ ಮಾತ್ರ. ನಮ್ಮ ಗರಡಿಗೆ ಆ ತೂಕದವನು ಬಂದರೆ ದೊಡ್ಡ ಪೈಲ್ವಾನ್ ಬಂದ ಅಂತ ಜಾಗ ಬಿಡುತ್ತಾರೆ. ಅದಕ್ಕೇ ಇವರನ್ನು ಮೂಲೆಗೆ ಹಾಕಿದರೆ ನನಗೆ ಸಿಟ್ಟು ಬರೋದು.

ಈಗ 205 ಲೈವ್ ವಿಷಯ.

ಅದನ್ನು ಮಂಗಳವಾರ ರಾತ್ರಿ ಕಂಪನಿಯ ದೊಡ್ಡ ಶೋ ಸ್ಮ್ಯಾಕ್‌ಡೌನ್ ಮುಗಿದ ಮೇಲೆ, ಅದೇ ಜಾಗದಲ್ಲಿ, ಅದೇ ಜನರ ಮುಂದೆ ನಡೆಸುತ್ತಿದ್ದರು. ಆ ಜನ ಅಷ್ಟೊತ್ತಿಗೆ ಎರಡು ಗಂಟೆ ಕುಸ್ತಿ ನೋಡಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿರುತ್ತಿದ್ದರು. ತಾವು ಯಾರಿಗಾಗಿ ಟಿಕೆಟ್ ತಗೊಂಡಿದ್ದರೋ ಅವರ ಆಟ ಮುಗಿದಿರುತ್ತಿತ್ತು. ಮಕ್ಕಳನ್ನು ಕರಕೊಂಡು ಬಂದವರಿಗೆ ಮರುದಿನ ಶಾಲೆ. ಕ್ಯಾಮೆರಾ ಸ್ವಲ್ಪ ಹಿಂದೆ ಸರಿದರೆ ಸಾಕು, ಖಾಲಿ ಕುರ್ಚಿಗಳ ಸಾಲು ಕಾಣುತ್ತಿತ್ತು.

ಮೊದಲು ನಾನು ಅದನ್ನು ಅಷ್ಟು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಖಾಲಿ ಕುರ್ಚಿಯಿಂದ ಕುಸ್ತಿಗೇನು ಅಂದುಕೊಂಡೆ. ಇಯರ್‌ಫೋನ್ ಹಾಕಿ ನೋಡಿದ ಮೇಲೆ ಗೊತ್ತಾಯಿತು. ಒಬ್ಬ ಹುಡುಗ ಹಗ್ಗದ ಮೇಲೆ ಹತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬಿದ್ದ. ನೆಲದ ಹಲಗೆ ದಡ್ ಅಂದ ಸದ್ದು ಕೇಳಿಸಿತು. ಆಮೇಲೆ ಅವನ ಉಸಿರು ಕೇಳಿಸಿತು. ಜನರದ್ದು ಏನೂ ಇಲ್ಲ. ಕ್ಲಾಸಿಕ್‌ನಲ್ಲಿ ಇದೇ ಹಾರಾಟಕ್ಕೆ ಹಾಲ್ ಎದ್ದು ನಿಲ್ಲುತ್ತಿತ್ತು. ಜನ ಸುಮ್ಮನಿದ್ದರೆ ಆಡುವವರು ಇನ್ನೂ ಎತ್ತರದಿಂದ ಹಾರುತ್ತಾರೆ, ಇನ್ನೂ ಜೋರಾಗಿ ಬೀಳುತ್ತಾರೆ. ಆಗಲೂ ಸದ್ದಿಲ್ಲ. ಅದನ್ನು ನೋಡುತ್ತಾ ಕೂರೋಕೆ ಸಂಕಟವಾಗುತ್ತಿತ್ತು.

ಮಾಮ ಎರಡನೇ ವಾರಕ್ಕೇ ಕೇಳಿದರು, "ಜನ ಎದ್ದು ಹೊಂಟಾರಲ್ಲೋ, ಇವರು ಇನ್ನೂ ಯಾರಿಗೆ ಕುಸ್ತಿ ತೋರಸ್ತಾರ?" ಅವರಿಗೆ ಅದು ಅರ್ಥವೇ ಆಗಲಿಲ್ಲ. ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಯಾಕೆ ಅಂತ ತಿಳಿಯುತ್ತದೆ. ಕಣದಲ್ಲಿ ಮೊದಲು ಇಳಿಯೋದು ಸಣ್ಣ ಹುಡುಗರು, ಗೆದ್ದವನಿಗೆ ತೆಂಗಿನಕಾಯಿ. ಆಮೇಲೆ ಹಗುರ ಜೋಡಿಗಳು. ಹೊತ್ತು ಇಳಿದಂತೆ ತೂಕ ಏರುತ್ತಾ ಹೋಗುತ್ತದೆ, ಕೊನೆಗೆ ಬೆಳ್ಳಿ ಕಡಗದ ಜೋಡಿ. ಜನ ಕಾಯುತ್ತಾ ಇರುವಾಗ, ಹಲಗೆ ಬಡಿತ ಇನ್ನೂ ಹೊಸದಾಗಿರುವಾಗ ಹಗುರದವರಿಗೆ ಕಣ ಸಿಗುತ್ತದೆ. ದೊಡ್ಡ ಜೋಡಿ ಮುಗಿದ ಮೇಲೆ ಹಗುರದವರನ್ನು ಇಳಿಸು ಅಂದರೆ ಯಾವ ಊರಿನ ಪಂಚರೂ ಒಪ್ಪುವುದಿಲ್ಲ.

ನನ್ನ ಕಡೆಯ ತೊಂದರೆಯೂ ಒಂದಿತ್ತು. ಚಳಿಗಾಲದಲ್ಲಿ ಆ ಶೋ ನಮಗೆ ಬುಧವಾರ ಬೆಳಿಗ್ಗೆ ಎಂಟೂವರೆಗೆ. ಒಂಬತ್ತಕ್ಕೆ ನಾನು ಯೂನಿಟ್‌ನಲ್ಲಿ ಮಷೀನ್ ಮುಂದೆ ಇರಬೇಕು. ರಾತ್ರಿ ಬಂದು ನೋಡಬಹುದಿತ್ತು, ನೋಡಿದೆ ಕೂಡ. ಆದರೆ ದಿನವೆಲ್ಲ ನಿಂತು ಬಂದ ಮೇಲೆ ಆ ಖಾಲಿ ಕುರ್ಚಿಗಳನ್ನು ನೋಡೋಕೆ ಮನಸ್ಸು ಬರುತ್ತಿರಲಿಲ್ಲ. 2017ರ ಬೇಸಿಗೆಯಲ್ಲಿ ಚಂದಾ ನಿಲ್ಲಿಸಿದೆ.

ಕಂಪನಿಯ ಇನ್ನೊಂದು ದೊಡ್ಡ ಶೋ, ಸೋಮವಾರದ ರಾನಲ್ಲೂ ಇವರಿಗೆ ಒಂದು ಪಂದ್ಯ ಕೊಡುತ್ತಿದ್ದರು. ಅದಕ್ಕೆ ರಿಂಗಿನ ಹಗ್ಗ ನೇರಳೆ ಬಣ್ಣಕ್ಕೆ ಬದಲಾಗುತ್ತಿತ್ತು. ಮೂರು ಗಂಟೆಯ ಶೋನಲ್ಲಿ ಬಣ್ಣ ಹಚ್ಚಿ ಬೇರೆ ಮಾಡಿದ ಒಂದು ತುಂಡು, ಅಷ್ಟೇ.

ಮೂರನೆಯದು ಹಳೇ ದಾರಿ, ಡಬ್ಲ್ಯುಸಿಡಬ್ಲ್ಯು ಎಂಬ ಹಳೇ ಎದುರಾಳಿ ಕಂಪನಿಯ ವಾರದ ಶೋ ನೈಟ್ರೋ. ನೆಟ್‌ವರ್ಕಿನ ಹಳೇ ವಿಡಿಯೋಗಳಲ್ಲಿ ಅದೂ ಇತ್ತು. ಅಲ್ಲಿ ಹಗುರದವರಿಗೆ ಬೇರೆ ಶೋ ಇರಲಿಲ್ಲ. ರೇ ಮಿಸ್ಟೀರಿಯೋ, ಎಡ್ಡಿ ಗೆರೆರೋ, ಡೀನ್ ಮಲೆಂಕೋ ಎಲ್ಲ ದೊಡ್ಡ ಶೋನಲ್ಲೇ, ಜನ ಚುರುಕಾಗಿರುವಾಗಲೇ ಬರುತ್ತಿದ್ದರು. ನಮ್ಮ ಜಾತ್ರೆಯ ಕ್ರಮವೇ. 1997ರ ಅಕ್ಟೋಬರ್‌ನಲ್ಲಿ ಅದೇ ಕಂಪನಿಯ ದೊಡ್ಡ ಕಾರ್ಯಕ್ರಮ ಹ್ಯಾಲೋವೀನ್ ಹ್ಯಾವಕ್‌ನಲ್ಲಿ ರೇ ತನ್ನ ಮುಖವಾಡ ಒತ್ತೆ ಇಟ್ಟು ಎಡ್ಡಿ ಜೊತೆ ಆಡಿದ ಪಂದ್ಯ ನೋಡಿ. ಅವತ್ತು ಕೊನೆಯಲ್ಲಿ ಆಡಿದ್ದು ದೊಡ್ಡ ಹೆಸರಿನ ಹೋಗನ್ ಮತ್ತು ಪೈಪರ್, ಪಂಜರದೊಳಗೆ. ನಾನು ಎರಡನ್ನೂ ನೋಡಿದೆ. ರೇ ಪಂದ್ಯವನ್ನು ಮತ್ತೆ ಮೂರು ಸಲ ಹಾಕಿದೆ. ಟೂರ್ನಿ ಆಗದಿದ್ದರೆ ಈ ದಾರಿಯಾದರೂ ಸಾಕು ನನಗೆ. ಒಂದೇ ಕೊರತೆ ಅಂದರೆ, ಎಷ್ಟು ಚೆನ್ನಾಗಿ ಆಡಿದರೂ ದೊಡ್ಡ ಹೆಸರುಗಳ ಜಾಗಕ್ಕೆ ಇವರನ್ನು ಏರಿಸುತ್ತಿರಲಿಲ್ಲ.

2018ರ ಜನವರಿ ಕೊನೆಗೆ 205 ಲೈವ್‌ನಲ್ಲೇ 16 ಜನರ ಟೂರ್ನಿ ಇಟ್ಟರು. ಸುದ್ದಿ ಕೇಳಿ ಮತ್ತೆ ಚಂದಾ ಕಟ್ಟಿದೆ. ಅದೇ ಶೋ, ಅದೇ ಹೆಸರು, ಆದರೆ ಜೀವ ಬಂದಿತ್ತು. ಈ ವಾರ ಸೋತವನು ಮನೆಗೆ ಅನ್ನುವಾಗ ನೋಡುವವನಿಗೂ ಒಂದು ಕೆಲಸ ಇರುತ್ತದೆ ಅಲ್ವಾ. ಏಪ್ರಿಲ್ 8ಕ್ಕೆ ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾದಲ್ಲಿ ಫೈನಲ್, ಮುಸ್ತಫಾ ಅಲಿ ಮತ್ತು ಅದೇ ಸೆಡ್ರಿಕ್ ಅಲೆಕ್ಸಾಂಡರ್. ಮುಖ್ಯ ಶೋಗೆ ಮುಂಚಿನ ಪ್ರೀ ಶೋನಲ್ಲಿ ಹಾಕಿದ್ದರು, ಅದೊಂದು ನೋವು. ಆದರೆ ಪಂದ್ಯ ಸಂಜೆಯ ಶುರುವಿನಲ್ಲಿತ್ತು, ಜನ ಒಳಗೆ ಬರುತ್ತಿದ್ದರು, ಹೊರಗೆ ಹೋಗುತ್ತಿರಲಿಲ್ಲ. ಸೆಡ್ರಿಕ್ ಗೆದ್ದ. ನಮಗೆ ನಡುರಾತ್ರಿ ದಾಟಿತ್ತು. ಮಾಮನನ್ನು ಎಬ್ಬಿಸಿ ಹೇಳಿದೆ. "ಯಾರು, ಆ ಮಿರ್ಚಿ ಹುಡುಗನಾ?" ಅಂದರು.

205 ಲೈವ್ 2022ರ ಫೆಬ್ರವರಿಯಲ್ಲಿ ನಿಂತಿತು. ಆ ಜಾಗಕ್ಕೆ ಹೊಸಬರ ಶೋ, ಎನ್‌ಎಕ್ಸ್‌ಟಿ ಲೆವೆಲ್ ಅಪ್ ಬಂತು.

ದುಡ್ಡಿನ ಲೆಕ್ಕವೂ ಹೇಳುತ್ತೇನೆ. ವಾರದ ಶೋ ಅಂದರೆ ವರ್ಷವಿಡೀ ಚಂದಾ, ಆಗಿನ ದರದಲ್ಲಿ ಎಂಟು ಸಾವಿರ. ಹತ್ತು ವಾರದ ಟೂರ್ನಿಗೆ ಮೂರು ತಿಂಗಳು, ಎರಡು ಸಾವಿರ. ವಾರಕ್ಕೊಂದು ಶೋ ತಪ್ಪದೆ ನೋಡುವಷ್ಟು ಬಿಡುವಿದ್ದು, ಹೇಗೂ ವರ್ಷದ ಚಂದಾ ಇರುವವರಿಗೆ ಬೇರೆ ಮಾತು. ನನ್ನಂಥ ಸಂಬಳದವನಿಗೆ ವರ್ಷಕ್ಕೊಂದು ಟೂರ್ನಿ, ಸಣ್ಣದಾದರೂ ಅದರದ್ದೇ ಹಾಲ್, ಅದಕ್ಕಂತಲೇ ಬಂದ ಜನ ಸಾಕು.

2025ರ ಏಪ್ರಿಲ್‌ನಿಂದ ಭಾರತದಲ್ಲಿ ಡಬ್ಲ್ಯುಡಬ್ಲ್ಯುಇ ನೆಟ್‌ಫ್ಲಿಕ್ಸ್‌ನಲ್ಲಿ ಬರುತ್ತಿದೆ. ನಾನು ಇನ್ನೂ ಹಾಕಿಸಿಲ್ಲ. ಮತ್ತೆ 32 ಜನರ ಪಟ್ಟಿ ಬಿಟ್ಟ ದಿನ ಹಾಕಿಸುತ್ತೇನೆ. ಮಾಮನಿಗೆ ಈಗ ಕಣ್ಣು ಸ್ವಲ್ಪ ಮಂಜು, ಫೋನ್ ಸಾಲದು. ಆ ಮೂರು ತಿಂಗಳು ಟಿವಿಗೇ ಹಾಕಬೇಕು.