ಕ್ರಾನ್ ಬಿಟ್ಟು ಸಿಸ್ಟಮ್‌ಡಿ ಟೈಮರ್: ಕ್ಲೌಡ್ ಸರ್ವರ್‌ಗಳಲ್ಲಿ ದೀರ್ಘಕಾಲ ಓಡಿಸಿದ ಮೇಲೆ

ಅಂಕ: 5ಕ್ಕೆ 4. ಕಳೆದ ಒಂದು ಅಂಕ ಯಾವುದಕ್ಕೆ ಅನ್ನುವುದು ಕೆಳಗೆ ಬರುತ್ತದೆ.

ಲಿನಕ್ಸ್ ಸರ್ವರ್‌ನಲ್ಲಿ ನಿಗದಿತ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ಹಳೆಯ ಸಾಧನ ಕ್ರಾನ್. ಅದೇ ಕೆಲಸಕ್ಕೆ ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ವ್ಯವಸ್ಥೆ) ಕೊಡುವುದು ಟೈಮರ್. ಕ್ರಾನ್‌ನಿಂದ ಬಂದವರ ಮೊದಲ ಗೊಣಗಾಟ, ಒಂದು ಸಾಲಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎರಡು ಫೈಲ್ ಬೇಕು ಎಂದು. ಏನು ಮಾಡಬೇಕು ಎನ್ನುವುದಕ್ಕೆ ಸರ್ವಿಸ್ ಫೈಲ್, ಯಾವಾಗ ಎನ್ನುವುದಕ್ಕೆ ಟೈಮರ್ ಫೈಲ್. ಕೈಯಾರೆ ಬರೆಯುವವರಿಗೆ ಇದು ರಗಳೆಯೇ. ಆನ್ಸಿಬಲ್ (ಅನೇಕ ಸರ್ವರ್‌ಗಳನ್ನು ಒಟ್ಟಿಗೆ ಸಜ್ಜುಗೊಳಿಸುವ ಸಾಧನ) ಟೆಂಪ್ಲೇಟಿನಿಂದ ಹಾಕುವವರಿಗೆ ಎರಡಾದರೇನು, ನಾಲ್ಕಾದರೇನು. ಎನೇಬಲ್ ಮಾಡಬೇಕಾದದ್ದು ಟೈಮರ್ ಅನ್ನು, ಸರ್ವಿಸ್ ಅನ್ನಲ್ಲ. ಫೈಲ್ ಬದಲಾದಾಗ ಅದನ್ನು ಸಿಸ್ಟಮ್‌ಡಿಗೆ ಮತ್ತೆ ಓದಿಸುವ ಡೀಮನ್-ರೀಲೋಡ್ ಮರೆಯಬಾರದು. ಆನ್ಸಿಬಲ್‌ನ ಕೆಲಸಗಳ ಪಟ್ಟಿಯಾದ ಪ್ಲೇಬುಕ್‌ನಿಂದ ಟೈಮರ್ ತೆಗೆದುಹಾಕಿದ ಮಾತ್ರಕ್ಕೆ ಅದು ಸರ್ವರ್‌ನಿಂದ ಹೋಗುವುದಿಲ್ಲ. ನಿಲ್ಲಿಸಿ, ಡಿಸೇಬಲ್ ಮಾಡಿ, ಫೈಲ್ ಅಳಿಸುವ ಟಾಸ್ಕ್ ಬೇರೆಯೇ ಬೇಕು. ಹೊಸ ಕ್ಲೌಡ್ ಸರ್ವರ್ ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಮೂಲಕ ಹಾಕಿದ್ದರಂತೂ ಆ ಭಾಗ ಓಡುವುದು ಸರ್ವರ್ ಮೊದಲ ಸಲ ಬೂಟ್ ಆದಾಗ ಮಾತ್ರ. ಆಮೇಲೆ ಮಾಡಿದ ತಿದ್ದುಪಡಿ ಹಳೆಯ ಸರ್ವರ್‌ಗಳಿಗೆ ತಲುಪುವುದೇ ಇಲ್ಲ.

ಬರೆಯುವ ವಿಧಾನದಲ್ಲಿ ಟೈಮರ್ ಸಲೀಸಾಗಿ ಗೆಲ್ಲುತ್ತದೆ. ಎರಡನೇ ಶನಿವಾರ ಬೆಳಗಿನ ಜಾವ 3ಕ್ಕೆ ಒಂದು ಕೆಲಸ ಓಡಬೇಕು ಅಂದುಕೊಳ್ಳಿ. ಕ್ರಾನ್‌ನಲ್ಲಿ ತಾರೀಖಿನ ಜಾಗದಲ್ಲಿ 8-14, ವಾರದ ಜಾಗದಲ್ಲಿ 6 ಎಂದು ಬರೆದರೆ ಅದು ‘ಎರಡರಲ್ಲಿ ಯಾವುದು ಹೊಂದಿದರೂ ಸರಿ’ ಎಂದು ಓದಿಕೊಳ್ಳುತ್ತದೆ. ಎಲ್ಲ ಶನಿವಾರವೂ ಓಡುತ್ತದೆ, 8ರಿಂದ 14ರವರೆಗೆ ದಿನವೂ ಓಡುತ್ತದೆ. ಟೈಮರ್‌ನ ಆನ್‌ಕ್ಯಾಲೆಂಡರ್ ಸಾಲಿನಲ್ಲಿ ವಾರ, ತಾರೀಖು ಎರಡೂ ಹೊಂದಲೇಬೇಕು. ಶನಿವಾರದ ಜೊತೆ 8..14 ಕೊಟ್ಟರೆ ಎರಡನೇ ಶನಿವಾರವಷ್ಟೇ ಸಿಗುತ್ತದೆ. ಅನುಮಾನವಿದ್ದರೆ ಸಿಸ್ಟಮ್‌ಡಿ-ಅನಲೈಜ್ ಕ್ಯಾಲೆಂಡರ್ ಕಮಾಂಡಿಗೆ ಅದೇ ಸಾಲು ಕೊಟ್ಟು, ಇಟರೇಶನ್ಸ್ 5 ಎಂದರೆ ಮುಂದಿನ ಐದು ದಿನಾಂಕಗಳನ್ನು ತೋರಿಸುತ್ತದೆ. ಕೋಡ್ ಮರ್ಜ್ ಆಗುವ ಮುಂಚೆ, ಕೋಡನ್ನು ತಾನಾಗಿ ಪರೀಕ್ಷಿಸುವ ಪೈಪ್‌ಲೈನ್‌ನಲ್ಲೇ ಇದನ್ನು ಓಡಿಸಿಬಿಡಿ. ವೇಳೆಯ ಕೊನೆಯಲ್ಲಿ ಯುಟಿಸಿ ಎಂದು ಬರೆದುಬಿಟ್ಟರೆ ಸರ್ವರ್‌ನ ಟೈಮ್‌ಝೋನ್ ಯಾರೋ ಬದಲಿಸಿದರೂ ತಲೆನೋವಿಲ್ಲ. ಅಂದಹಾಗೆ, ಎಷ್ಟು ತಡವಾದರೂ ಸರಿ ಎಂದು ಹೇಳುವ ಅಕ್ಯುರಸಿಸೆಕ್‌ನ ಡೀಫಾಲ್ಟ್ 1 ನಿಮಿಷ. 3:00 ಎಂದು ಬರೆದದ್ದು 3:00:40ಕ್ಕೆ ಓಡಿದರೆ ಗಾಬರಿ ಬೇಡ.

ಈಗ ಕಳೆದ ಅಂಕದ ವಿಚಾರ. ನಿರ್ವಹಣೆಯ ಸ್ಕ್ರಿಪ್ಟ್‌ಗಳಿಗೆ ಸಾಮಾನ್ಯವಾಗಿ ಟೈಪ್ ಒನ್‌ಶಾಟ್ (ಒಮ್ಮೆ ಓಡಿ ಮುಗಿಯುವ ಕೆಲಸ) ಕೊಡುತ್ತೇವೆ. ಹಿಂದಿನ ಸುತ್ತು ಮುಗಿಯದಿದ್ದರೆ ಟೈಮರ್ ಇನ್ನೊಂದನ್ನು ಶುರುಮಾಡುವುದಿಲ್ಲ. ಕ್ರಾನ್‌ನಲ್ಲಿ ಇದಕ್ಕೆಂದೇ ಎಫ್‌ಲಾಕ್ ಎಂಬ ಬೀಗದ ಕಮಾಂಡ್ ಸುತ್ತಬೇಕಿತ್ತು. ಆದರೆ ಒನ್‌ಶಾಟ್‌ಗೆ ಶುರುವಿನ ಟೈಮ್‌ಔಟ್ (ಒನ್‌ಶಾಟ್‌ನಲ್ಲಿ ಇಡೀ ಓಟವೇ ‘ಶುರು’) ಡೀಫಾಲ್ಟ್ ಆಗಿ ಇಲ್ಲವೇ ಇಲ್ಲ. ಬ್ಯಾಕಪ್ ಸ್ಕ್ರಿಪ್ಟ್ ಒಂದು ಸತ್ತ ನೆಟ್‌ವರ್ಕ್ ಸಂಪರ್ಕದ ಮೇಲೆ ಕಾಯುತ್ತಾ ಕೂತಿತು ಅನ್ನಿ. ಸ್ಟೇಟಸ್‌ನಲ್ಲಿ ‘ಆ್ಯಕ್ಟಿವೇಟಿಂಗ್’ ಎಂದೇ ಇರುತ್ತದೆ. ಫೇಲ್ ಆಗಿಲ್ಲವಾದ್ದರಿಂದ ಆನ್‌ಫೇಲ್ಯೂರ್‌ನ ಅಲರ್ಟ್ ಬರುವುದಿಲ್ಲ. ನಾಳೆಯ ಸುತ್ತು, ನಾಳಿದ್ದಿನ ಸುತ್ತು, ಯಾವುದೂ ಓಡುವುದಿಲ್ಲ. ಡ್ಯಾಶ್‌ಬೋರ್ಡ್ ಮಾತ್ರ ಹಸಿರು. ಆದ್ದರಿಂದ ಪ್ರತಿ ಸರ್ವಿಸ್ ಫೈಲ್‌ನಲ್ಲೂ ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಇರಲೇಬೇಕು. 40 ನಿಮಿಷದ ಕೆಲಸಕ್ಕೆ 2 ಗಂಟೆ ಕೊಡಿ, ಸಾಕು. ಜೊತೆಗೆ ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್‌ನಲ್ಲಿ ಹೊರಗಿನ ಮಾನಿಟರ್‌ಗೆ ‘ಮುಗಿಯಿತು’ ಎಂಬ ಒಂದು ಕರೆ ಹೋಗಲಿ. ಕೆಲಸ ಗೆದ್ದಾಗ ಮಾತ್ರ ಅದು ಓಡುತ್ತದೆ. ಆ ಕರೆ ಹೊತ್ತಿಗೆ ಬಾರದಿದ್ದರೆ ಅದೇ ಅಲರ್ಟ್.

ಕ್ಲೌಡ್‌ಗೇ ವಿಶೇಷವಾದ ತೊಂದರೆ ಹುಟ್ಟುವುದು ಇಮೇಜ್‌ನಿಂದ, ಅಂದರೆ ಹೊಸ ಸರ್ವರ್‌ಗಳನ್ನು ಎಬ್ಬಿಸಲು ಬಳಸುವ ಡಿಸ್ಕ್ ನಕಲಿನಿಂದ. ಟೈಮರ್‌ನಲ್ಲಿ ಪರ್ಸಿಸ್ಟೆಂಟ್ ಆಯ್ಕೆ ಆನ್ ಇದ್ದರೆ, ಸರ್ವರ್ ಆಫ್ ಇದ್ದಾಗ ತಪ್ಪಿಹೋದ ಸುತ್ತನ್ನು ಅದು ಎದ್ದ ಮೇಲೆ ಓಡಿಸುತ್ತದೆ. ಹಿಂದೆ ಯಾವಾಗ ಓಡಿತ್ತು ಎನ್ನುವುದನ್ನು ನೆನಪಿಡಲು ವಾರ್-ಲಿಬ್-ಸಿಸ್ಟಮ್‌ಡಿ-ಟೈಮರ್ಸ್ ಫೋಲ್ಡರಿನಲ್ಲಿ ಸ್ಟ್ಯಾಂಪ್ ಫೈಲ್ ಇಡುತ್ತದೆ. ಚಾಲ್ತಿಯಲ್ಲಿರುವ ಸರ್ವರ್‌ನಿಂದ ಇಮೇಜ್ ಮಾಡಿದರೆ ಈ ಹಳೆಯ ಸ್ಟ್ಯಾಂಪ್ ಕೂಡ ಒಳಗೆ ಸೇರುತ್ತದೆ. ಎರಡು ತಿಂಗಳ ನಂತರ ಅದರಿಂದ 30 ಸರ್ವರ್ ಎಬ್ಬಿಸಿದರೆ ಮೂವತ್ತೂ ‘ನನ್ನ ಸುತ್ತು ತಪ್ಪಿಹೋಗಿದೆ’ ಎಂದು ಒಟ್ಟಿಗೆ ಬ್ಯಾಕಪ್ ಶುರುಮಾಡುತ್ತವೆ. ಇದನ್ನು ಚದುರಿಸಲು ರ್‍ಯಾಂಡಮೈಸ್ಡ್‌ಡಿಲೇಸೆಕ್ ಇದೆ, 45 ನಿಮಿಷ ಕೊಟ್ಟರೆ ಆ ಅವಧಿಯೊಳಗೆ ಎಲ್ಲೋ ಒಂದು ಕಡೆ ಬೀಳುತ್ತದೆ. ಸರ್ವರ್‌ಗೆ ಪ್ರತಿ ಸಲವೂ ಅದೇ ಹೊತ್ತು ಸಿಗಲಿ ಎಂದು ಫಿಕ್ಸ್‌ಡ್‌ರ್‍ಯಾಂಡಮ್‌ಡಿಲೇ ಸೇರಿಸಿದವರು ಇನ್ನೊಂದು ಗುಂಡಿಗೆ ಬೀಳುತ್ತಾರೆ: ಆ ವಿಳಂಬ ಲೆಕ್ಕವಾಗುವುದು ಮಷಿನ್-ಐಡಿಯಿಂದ, ಅಂದರೆ ಪ್ರತಿ ಸರ್ವರ್‌ಗೂ ಬೇರೆಯೇ ಇರಬೇಕಾದ ಗುರುತಿನಿಂದ. ಇಮೇಜ್‌ನಲ್ಲಿ ಮಷಿನ್-ಐಡಿ ಹಾಗೇ ಉಳಿದಿದ್ದರೆ ಮೂವತ್ತೂ ಸರ್ವರ್‌ಗೆ ಒಂದೇ ‘ರ್‍ಯಾಂಡಮ್’. ಇಮೇಜ್ ಮಾಡುವ ಕೊನೆಯ ಹಂತದಲ್ಲಿ ಸ್ಟ್ಯಾಂಪ್ ಫೈಲ್‌ಗಳನ್ನು ಅಳಿಸಿ, ಮಷಿನ್-ಐಡಿ ಫೈಲನ್ನು ಅಳಿಸದೆ ಖಾಲಿ ಮಾಡಿ. ಮೊದಲ ಬೂಟ್‌ನಲ್ಲಿ ಹೊಸ ಐಡಿ ತಾನೇ ಹುಟ್ಟುತ್ತದೆ. ಸ್ಟ್ಯಾಂಪ್ ಇಲ್ಲದ ಟೈಮರ್ ಮುಂದಿನ ನಿಗದಿತ ಹೊತ್ತಿಗೆ ಕಾಯುತ್ತದೆ.

ಉಬುಂಟು, ಡೆಬಿಯನ್ ಇಮೇಜ್‌ಗಳಲ್ಲಿ ಪ್ಯಾಕೇಜ್‌ಗಳನ್ನು ತಾನಾಗಿ ಅಪ್‌ಡೇಟ್ ಮಾಡುವ ಎರಡು ಟೈಮರ್ ಮೊದಲೇ ಕೂತಿರುತ್ತವೆ, ಆಪ್ಟ್-ಡೈಲಿ ಮತ್ತು ಆಪ್ಟ್-ಡೈಲಿ-ಅಪ್‌ಗ್ರೇಡ್. ಇವೂ ಪರ್ಸಿಸ್ಟೆಂಟ್. ನಿಮ್ಮ ಪ್ಯಾಕೇಜ್ ಅಪ್‌ಡೇಟ್ ಆಗಾಗ ಡಿಪಿಕೆಜಿ ಲಾಕ್ (ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಪ್ಯಾಕೇಜ್ ಬದಲಿಸುವಂತೆ ನೋಡುವ ಬೀಗ) ಸಿಗಲಿಲ್ಲ ಎಂದು ಸಾಯುತ್ತಿದ್ದರೆ ಹುಡುಕಬೇಕಾದದ್ದು ಇವನ್ನೇ. ಆಪ್ಟ್‌ನ ಲಾಕ್ ಟೈಮ್‌ಔಟ್ ಆಯ್ಕೆಗೆ 300 ಕೊಟ್ಟರೆ 5 ನಿಮಿಷ ಕಾಯುತ್ತದೆ. ಲಾಕ್ ಫೈಲ್ ಅಳಿಸುವ ‘ಪರಿಹಾರ’ ಮಾತ್ರ ಬೇಡವೇ ಬೇಡ.

ಇಡೀ ಸರ್ವರ್ ಗುಂಪಿಗೆ ಒಂದೇ ಸಲ ಆಗಬೇಕಾದ ಕೆಲಸಕ್ಕೆ, ಉದಾಹರಣೆಗೆ ಡೇಟಾಬೇಸ್‌ನ ಹಳೆ ದಾಖಲೆ ಅಳಿಸಲು, ಟೈಮರ್ ಬಳಸಬೇಡಿ. ಬೇಡಿಕೆಗೆ ತಕ್ಕಂತೆ ಸರ್ವರ್‌ಗಳನ್ನು ಹೆಚ್ಚುಕಡಿಮೆ ಮಾಡುವ ಆಟೋ-ಸ್ಕೇಲಿಂಗ್‌ನಲ್ಲಿ ಮೂರು ಸರ್ವರ್ ಇದ್ದರೆ ಮೂರು ಸಲ ಓಡುತ್ತದೆ, ಆ ಹೊತ್ತಿಗೆ ಒಂದೂ ಇಲ್ಲದಿದ್ದರೆ ಓಡುವುದೇ ಇಲ್ಲ. ಅಲ್ಲಿ ಎಡಬ್ಲ್ಯೂಎಸ್‌ನ ಇವೆಂಟ್‌ಬ್ರಿಜ್ ಶೆಡ್ಯೂಲರ್, ಗೂಗಲ್‌ನ ಕ್ಲೌಡ್ ಶೆಡ್ಯೂಲರ್ ಥರದ ಹೊರಗಿನ ಗಡಿಯಾರವೇ ಸರಿ. ಅವೆರಡೂ ‘ಕನಿಷ್ಠ ಒಂದು ಸಲ’ ಎಂಬ ಭರವಸೆ ಮಾತ್ರ ಕೊಡುತ್ತವೆ. ಅಪರೂಪಕ್ಕೆ ಎರಡು ಸಲ ಬಂದರೂ ಕೆಡದಂತೆ ಸ್ಕ್ರಿಪ್ಟ್ ಬರೆದಿರಬೇಕು.