ಮಕ್ಕಳ ಇಯರ್ ಮಫ್ ರಿವ್ಯೂ: ರಾಕ್ ಶೋ ಟಿಕೆಟ್ ಬುಕ್ ಮಾಡೋಕೆ ಮುಂಚೆ ಇದನ್ನ ತಗೊಳ್ಳಿ

ಲೈವ್ ರಾಕ್ ಶೋಗೆ ಮಕ್ಕಳನ್ನ ಕರ್ಕೊಂಡು ಹೋಗ್ಬಹುದಾ ಅಂತ ಗೊತ್ತಿರೋರೆಲ್ಲ ಕೇಳ್ತಿರ್ತಾರೆ. ಧಾರಾಳವಾಗಿ ಹೋಗ್ಬಹುದು, ಆದ್ರೆ ಜೋರು ಸದ್ದು ತಡೆಯೋಕೆ ಕಿವಿ ಮುಚ್ಚೋ ಇಯರ್ ಮಫ್ ಇಲ್ದೆ ಗೇಟ್ ದಾಟ್ಬೇಡಿ. ನಮ್ಮ ಎಂಟು ವರ್ಷದ ಮಗಳಿಗೆ ಒಂದು ತಗೊಂಡು ವರ್ಷದ ಮೇಲಾಯ್ತು, ಬಯಲಲ್ಲಿ ನಡೆಯೋ ಶೋ, ಹಾಲ್ ಒಳಗಿನ ಶೋ, ನಮ್ಮ ರಸ್ತೆ ಗಣೇಶನ ವಿಸರ್ಜನೆ ಎಲ್ಲಾ ಕಡೆ ಹಾಕಿಸಿ ನೋಡಿದೀನಿ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು.

ಹೊರಗಿಂದ ನೋಡೋಕೆ ಹೆಡ್‌ಫೋನ್ ಥರಾನೇ ಇರುತ್ತೆ, ಒಳಗೆ ಸ್ಪೀಕರೂ ಇಲ್ಲ ಬ್ಯಾಟರೀನೂ ಇಲ್ಲ. ಗಟ್ಟಿ ಪ್ಲಾಸ್ಟಿಕ್ ಕಪ್, ಒಳಗೆ ಸ್ಪಂಜು, ಅಂಚಿಗೆ ಮೆತ್ತನೆ ಕುಶನ್ನು, ತಲೆ ಮೇಲೊಂದು ಪಟ್ಟಿ, ಅಷ್ಟೇ ಸಾಮಾನು. ಮನೇಲಿ ನಾಯ್ಸ್ ಕ್ಯಾನ್ಸಲಿಂಗ್ ಬ್ಲೂಟೂತ್ ಹೆಡ್‌ಫೋನ್ ಇದೆಯಲ್ಲ ಅಕ್ಕಾ ಅದನ್ನೇ ಹಾಕು ಅಂದ ನನ್ನ ತಮ್ಮ, ಅದು ಆಗಲ್ಲ, ಅದು ವಿಮಾನದ ಇಂಜಿನ್ ಥರ ಒಂದೇ ಸಮನೆ ಬರೋ ಸದ್ದಿಗೆ ಮಾಡಿರೋದು, ಸ್ನೇರ್ ಡ್ರಮ್ ಮೇಲೆ ಕೋಲು ಠಪ್ ಅಂತ ಬೀಳುತ್ತಲ್ಲ ಅಂಥದ್ದಕ್ಕಲ್ಲ. ಹತ್ತಿ ತುರುಕೋದು ಇನ್ನೂ ವೇಸ್ಟು. ಫೋಮ್ ಇಯರ್‌ಪ್ಲಗ್ ದೊಡ್ಡೋರಿಗೆ ಚೆನ್ನಾಗೇ ಕೆಲ್ಸ ಮಾಡುತ್ತೆ, ನಾನು ಹಾಕ್ಕೊಳ್ಳೋದೂ ಅದನ್ನೇ, ಆದ್ರೆ ಮಕ್ಕಳ ಕಿವಿ ತೂತು ಚಿಕ್ಕದು, ಸರಿಯಾಗಿ ಕೂರಲ್ಲ, ತೀರಾ ಪುಟ್ಟ ಮಕ್ಕಳಾದ್ರೆ ಕಿತ್ತು ಬಾಯಿಗೆ ಹಾಕ್ಕೊಳ್ಳೋ ಭಯ ಬೇರೆ.

ತಗೊಳ್ಳೋವಾಗ ಬಣ್ಣ ನೋಡೋಕೆ ಮುಂಚೆ ಡಬ್ಬಿ ಮೇಲೆ ಎಸ್‌ಎನ್‌ಆರ್ ಅಂತ ಒಂದು ನಂಬರ್ ಬರೆದಿರ್ತಾರೆ ಅದನ್ನ ನೋಡಿ, ಎಷ್ಟು ಡೆಸಿಬಲ್ ಸದ್ದು ಕಮ್ಮಿ ಮಾಡುತ್ತೆ ಅನ್ನೋ ಲೆಕ್ಕ ಅದು. 3ಎಂ ಕಂಪನಿಯ ಪೆಲ್ಟರ್ ಕಿಡ್ ಅನ್ನೋದರಲ್ಲಿ 27, ಆಲ್ಪೈನ್ ಅವರ ಮಫಿ ಅನ್ನೋದರಲ್ಲಿ 25 ಇದೆ. ಆ ನಂಬರೇ ಇಲ್ಲದ, ಬೆಕ್ಕಿನ ಕಿವಿ ಅಂಟಿಸಿರೋ ಅಗ್ಗದ ಮಾಲು ಆನ್‌ಲೈನಲ್ಲಿ ರಾಶಿ ಸಿಗುತ್ತೆ, ಬೇಡವೇ ಬೇಡ. ಇನ್ನೊಂದು ವಿಷ್ಯ, 27 ಅಂತ ಬರೆದಿದ್ರೆ ಲ್ಯಾಬಲ್ಲಿ ನೆಟ್ಟಗೆ ಹಾಕ್ಕೊಂಡಾಗ ಸಿಗೋ 27 ಅದು, ಕುಣಿಯೋ ಮಗು ತಲೆ ಮೇಲೆ ಅಷ್ಟು ಸಿಗಲ್ಲ, ನಾನಂತೂ ಅರ್ಧ ಅಂತಾನೇ ಲೆಕ್ಕ ಹಾಕ್ತೀನಿ.

ಈ ಲೆಕ್ಕ ಯಾಕೆ ಬೇಕು ಅಂದ್ರೆ, ಅಮೆರಿಕದಲ್ಲಿ ಕೆಲ್ಸಗಾರರ ಆರೋಗ್ಯ ನೋಡೋ ನಿಯೋಶ್ ಅಂತ ಸಂಸ್ಥೆ ಇದೆ, ಅವರ ಪ್ರಕಾರ 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದ ಹಾಗೆ ಟೈಮು ಅರ್ಧ ಆಗ್ತಾ ಬರುತ್ತೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ, 100 ಆಯ್ತು ಅಂದ್ರೆ ಬರೀ 15 ನಿಮಿಷ. ಅದೂ ದುಡಿಯೋ ದೊಡ್ಡೋರಿಗೆ ಹಾಕಿರೋ ಲೆಕ್ಕ. ಕಿವಿ ಒಳಗಿನ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ಲ. ಮೆಟಾಲಿಕಾ ಅನ್ನೋ ಹೆಸರಾಂತ ರಾಕ್ ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್ ತಮಗೆ ಟಿನ್ನಿಟಸ್ ಇದೆ ಅಂತ ಎಲ್ಲರ ಮುಂದೆ ಹೇಳಿದಾರೆ, ಅಂದ್ರೆ ಹೊರಗೆ ಸದ್ದೇ ಇಲ್ದಿದ್ರೂ ಕಿವೀಲಿ ಗುಂಯ್ ಅಂತಾನೇ ಇರೋದು. ಅಷ್ಟು ದೊಡ್ಡ ಮನುಷ್ಯರಿಗೇ ಹಾಗಾಗಿರೋವಾಗ ಸ್ಪೀಕರ್ ಮುಂದೆ ಬರಿ ಕಿವೀಲಿ ನಿಂತಿರೋ ಮಗೂನ ಕಂಡ್ರೆ ನನಗೆ ಹೊಟ್ಟೆ ಕಿವುಚುತ್ತೆ.

ಮೊದಲ ಸಲ ಕರ್ಕೊಂಡು ಹೋದಾಗ ಸಿಟಿ ಅಂಚಿನ ಬಯಲಲ್ಲಿ ಸಂಜೆ ಶೋ, ಒಂದಾದ್ಮೇಲೆ ಒಂದು ಬ್ಯಾಂಡು. ನಾನು ಫೋನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕ್ಕೊಂಡು ಓಡಾಡಿ ನೋಡ್ದೆ. ಫೋನಿನ ಮೈಕು ಕರಾರುವಾಕ್ಕಾಗಿ ಅಳೆಯಲ್ಲ, ಅಂದಾಜಿಗೆ ಸಾಕು. ಸ್ಟೇಜ್ ಪಕ್ಕದ ಸ್ಪೀಕರ್ ಗೋಪುರದ ಮುಂದೆ ನೂರು ದಾಟಿ ಹೋಗ್ತಿತ್ತು, ಹಿಂದೆ ಸೌಂಡ್ ಇಂಜಿನಿಯರ್ ಕೂತಿರೋ ಟೆಂಟ್ ಪಕ್ಕ 94-95 ಹತ್ರ. ಅಲ್ಲೇ ನಿಂತ್ವಿ. ಮಫ್ ಅರ್ಧ ಕೆಲ್ಸ ಮಾಡಿದ್ರೂ ಅವಳ ಕಿವಿಗೆ ಬೀಳೋದು 82ರ ಆಸುಪಾಸು, ಪೂರ್ತಿ ಶೋ ಕೂತ್ರೂ ತೊಂದ್ರೆ ಇಲ್ಲ. ಇನ್ನೊಂದು ಏನಂದ್ರೆ ಆ ಟೆಂಟ್ ಇರೋ ಜಾಗದಲ್ಲೇ ಸೌಂಡ್ ಮಿಕ್ಸ್ ಮಾಡೋದು, ಇಂಜಿನಿಯರ್ ಕಿವಿಗೆ ಹೆಂಗೆ ಕೇಳುತ್ತೋ ನಮಗೂ ಹಂಗೇ ಕೇಳುತ್ತೆ, ಮುಂದೆ ನುಗ್ಗೋರಿಗಿಂತ ಒಳ್ಳೆ ಸೌಂಡ್ ಸಿಗೋದು ಅಲ್ಲೇ. ಸ್ಟೇಜ್ ಮುಂದೆಯೇ ನಿಲ್ಲೋ ದುಬಾರಿ ಫ್ಯಾನ್‌ಪಿಟ್ ಟಿಕೆಟ್ ಮಕ್ಕಳ ಜೊತೆ ಹೋಗೋರಿಗೆ ದುಡ್ಡು ದಂಡ.

ಹಾಕಿದ್ರೆ ಹಾಡೇ ಕೇಳಲ್ವೇನೋ ಅನ್ನೋದು ಎಲ್ಲರ ಅನುಮಾನ. ಕೇಳುತ್ತೆ ಕಣ್ರೀ, ಚೆನ್ನಾಗೇ ಕೇಳುತ್ತೆ. ಮಫ್ ಜಾಸ್ತಿ ತಡೆಯೋದು ಡ್ರಮ್ಸ್ ಜೊತೆ ಇರೋ ತಟ್ಟೆ ಥರದ ಸಿಂಬಲ್, ಗಿಟಾರ್ ಲೀಡ್ ಥರ ಚೂಪು ಸದ್ದನ್ನ, ಬೇಸ್ ಅಂದ್ರೆ ಧಂ ಅನ್ನೋ ದಪ್ಪ ಸದ್ದನ್ನ ಅಷ್ಟಾಗಿ ತಡೆಯಲ್ಲ, ಜೊತೆಗೆ ಬೇಸ್ ಕಿವಿ ಒಂದರಿಂದಾನೇ ಅಲ್ವಲ್ಲ, ನೆಲದಿಂದ ಕಾಲಿಗೆ, ಎದೆಗೂಡಿಗೆಲ್ಲ ಬರುತ್ತೆ. ನನ್ನ ಮಗಳು ಎದೆ ಮೇಲೆ ಕೈ ಇಟ್ಕೊಂಡು 'ಅಮ್ಮಾ ಇಲ್ಲಿ ಯಾರೋ ತಟ್ತಿದಾರೆ' ಅಂದ್ಲು, ಆಮೇಲೆ ಬೇಸ್ ಗಿಟಾರ್ ಯಾವುದು ಅಂತ ತೋರಿಸ್ದೆ, ಅವರು ಕೈ ನಿಲ್ಲಿಸಿದ ತಕ್ಷಣ ಎದೇಲಿ ತಟ್ಟೋದೂ ನಿಲ್ಲೋದನ್ನ ತಾನೇ ಕಂಡ್ಕೊಂಡ್ಲು. ನಿಜ ಹೇಳ್ಬೇಕು ಅಂದ್ರೆ ಇದಕ್ಕೇ ನಾನು ಕರ್ಕೊಂಡು ಹೋಗೋದು. ಮಕ್ಕಳಿಗೆ ಹಾಡು ಅಂದ್ರೆ ಫೋನಿಂದ ಬರೋ ವಸ್ತು ಆಗ್ಬಿಟ್ಟಿದೆ, ಒಬ್ಬ ಮನುಷ್ಯ ಬೆವರು ಸುರಿಸ್ಕೊಂಡು ಎರಡು ಕೈ ಎರಡು ಕಾಲಲ್ಲಿ ನಾಲ್ಕು ಬೇರೆ ಬೇರೆ ಕೆಲ್ಸ ಮಾಡ್ತಾ ಆ ಸದ್ದನ್ನ ಹುಟ್ಟಿಸ್ತಾನೆ ಅಂತ ಕಣ್ಣಾರೆ ನೋಡಿದ ಮಗುವಿಗೆ ಸಂಗೀತ ಅಂದ್ರೇನು ಅಂತ ಬೇರೆ ಪಾಠ ಬೇಕಿಲ್ಲ. ಅವತ್ತು ತಂತಿ ಕಿತ್ತೋಗಿ ಗಿಟಾರಿಸ್ಟ್ ಅಲ್ಲೇ ಬದಲಾಯಿಸ್ತಾ ನಿಂತಾಗ ಡ್ರಮ್ಮರ್ ಸುಮ್ನೆ ಕೂರದೆ ಹಾಗೇ ತಾಳ ನಡೆಸ್ತಾನೇ ಇದ್ದ, ಇವಳು ಕಣ್ಣು ಮಿಟುಕಿಸದೆ ನೋಡ್ತಿದ್ಲು.

ಈಗ ನಮ್ಮ ಮನೆಗಳಿಗೆ ಮಾತ್ರ ಗೊತ್ತಾಗೋ ಕೆಲವು ವಿಷ್ಯ. ಡಬ್ಬಿ ಮೇಲಿನ ಸೂಚನೇಲಿ ಕಿವಿ ಓಲೆ ಬಗ್ಗೆ ಬರೆದಿರಲ್ಲ. ತಿರುಪಿನ ಓಲೆ ಹಾಕಿರೋ ಹೆಣ್ಮಕ್ಕಳಿಗೆ ಕಪ್ ಒತ್ತಿದಾಗ ತಿರುಪು ಕಿವಿ ಹಿಂದೆ ಚುಚ್ಚುತ್ತೆ, ಹತ್ತು ನಿಮಿಷಕ್ಕೆ ಕೆಂಪಗಾಗುತ್ತೆ, ಮಗು ಮಫ್ಫೇ ಬೇಡ ಅಂತ ಕಿತ್ತಾಕುತ್ತೆ. ಜುಮ್ಕಿ ಹಾಕಿದ್ರಂತೂ ಮುಗೀತು. ಮನೇಲೇ ಓಲೆ ಬಿಚ್ಚಿಟ್ಟು ಹೋಗಿ. ಎರಡು ಜಡೆ ಹಾಕಿದ್ರೆ ಜಡೆ ಶುರುವಾಗೋ ಜಾಗ ಸರಿಯಾಗಿ ಕುಶನ್ ಕೆಳಗೇ ಬರುತ್ತೆ, ಆ ಸಂದಿಯಿಂದ ಸದ್ದು ನುಗ್ಗುತ್ತೆ, ಅದಕ್ಕೆ ಹಿಂದೆ ಒಂದೇ ಜಡೆ ಹಾಕಿ. ಕನ್ನಡಕದ ಕಡ್ಡೀದೂ ಇದೇ ಕಥೆ, ತೆಳು ಕಡ್ಡಿ ಆದ್ರೆ ಪರ್ವಾಗಿಲ್ಲ, ದಪ್ಪ ಪ್ಲಾಸ್ಟಿಕ್ ಆದ್ರೆ ಇನ್ನೂ ಸ್ವಲ್ಪ ಹಿಂದೆ ಹೋಗಿ ನಿಲ್ಲೋದು ಒಳ್ಳೇದು. ಕ್ಯಾಪ್ ಹಾಕಿ ಅದರ ಮೇಲೆ ಮಫ್ ಹಾಕೋದು ಬೇಡ.

ಬೆವರು ಬರುತ್ತೆ, ಇದು ಯಾವ ಕಂಪನಿ ಮಫ್ ಆದ್ರೂ ಬರೋದೇ. ಮಾರ್ಚ್ ಏಪ್ರಿಲ್ ಸೆಕೇಲಿ ಒಂದು ಗಂಟೆ ಹಾಕಿದ್ರೆ ಕಿವಿ ಸುತ್ತ ಒದ್ದೆ. ನಾನು ಬ್ಯಾಂಡ್ ಬದಲಾಗೋ ಗ್ಯಾಪಲ್ಲಿ ತೆಗ್ಸಿ, ಕಾಟನ್ ಕರ್ಚೀಫಲ್ಲಿ ಒರೆಸಿ, ಐದು ನಿಮಿಷ ಗಾಳಿ ಆಡೋಕೆ ಬಿಟ್ಟು ಮತ್ತೆ ಹಾಕ್ತೀನಿ, ಆ ಗ್ಯಾಪಲ್ಲಿ ರೆಕಾರ್ಡ್ ಹಾಡು ಜೋರಾಗಿ ಹಾಕಿದ್ರೆ ದೂರ ಹೋಗಿ ತೆಗೀತೀನಿ. ಮೊದಲ ದಿನವೇ ಶೋಲಿ ಹಾಕಿಸ್ಬೇಡಿ, ಮಗುವಿಗೆ ಹೊಸದು, ಬಿಗಿ ಅನ್ಸುತ್ತೆ. ನಾವು ಮನೇಲಿ ಮಿಕ್ಸಿ ಹಾಕೋವಾಗ, ದೀಪಾವಳಿ ಪಟಾಕಿ ಟೈಮಲ್ಲಿ ಹಾಕ್ಸಿ ಅಭ್ಯಾಸ ಮಾಡ್ಸಿದ್ವಿ, ಆಮೇಲೆ ಅವಳೇ ಕೇಳಿ ಹಾಕ್ಕೊಳ್ಳೋಕೆ ಶುರು ಮಾಡಿದ್ಲು.

ನಮ್ಮತ್ತೆ ಮೊದಲು ಒಪ್ಪಿರ್ಲಿಲ್ಲ. 'ಅಷ್ಟು ಗಲಾಟೇಲಿ ಮಗೂನ ಕರ್ಕೊಂಡು ಹೋಗ್ತೀಯಲ್ಲಮ್ಮಾ, ಅದರ ಕಿವಿ ಗತಿ ಏನು' ಅಂದ್ರು, ಅದು ನ್ಯಾಯವಾದ ಪ್ರಶ್ನೇನೇ, ಮಫ್ ತೋರ್ಸಿದ್ಮೇಲೆ ಸುಮ್ನಾದ್ರು. ಆದ್ರೆ ರಾಕ್ ಅಂದ್ರೇನೇ ಮಕ್ಕಳಿಗಲ್ಲ ಅನ್ನೋರ ಮಾತನ್ನ ಮಾತ್ರ ನಾನು ಒಪ್ಪಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾ, ರಾಜ್ಯೋತ್ಸವದ ಡಿಜೆ, ಮದುವೆ ಮೆರವಣಿಗೆ, ಇಲ್ಲೆಲ್ಲ ನಮ್ಮ ಮಕ್ಕಳು ಸ್ಪೀಕರ್‌ಗೆ ಒರಗ್ಕೊಂಡೇ ನಿಂತಿರ್ತಾರೆ, ಯಾರೂ ಬೈಯಲ್ಲ. ಕರಾವಳಿ ಕಡೆ ಯಕ್ಷಗಾನದ ಮುಂದೆ ಚಾಪೆ ಮೇಲೆ ಮಕ್ಕಳು ಮಲಗಿ ಎದ್ದು ನೋಡಿ ಬೆಳೆದಿಲ್ವಾ. ಬೆಂಗಳೂರಿಗಂತೂ ರಾಕ್ ಹೊಸದೇನಲ್ಲ, ಪ್ಯಾಲೇಸ್ ಗ್ರೌಂಡ್ಸಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ನುಡಿಸಿ ಹೋಗಿದಾರೆ, ಅವತ್ತು ಕೆಸರಲ್ಲಿ ಕುಣಿದ ಹುಡುಗ ಹುಡುಗೀರೆಲ್ಲ ಈಗ ಅಪ್ಪ ಅಮ್ಮಂದಿರು. ನಮಗೆ ಸಿಕ್ಕಿದ್ದನ್ನ ಮಕ್ಕಳಿಗೆ ಕೊಡೋಕೆ ಆಸೆ ಇರಲ್ವಾ? ಶುರು ಮಾಡೋಕೆ ಹೆವಿ ಮೆಟಲ್ಲೇ ಆಗ್ಬೇಕು ಅಂತೇನಿಲ್ಲ, ರಘು ದೀಕ್ಷಿತ್ ತಂಡದ ಥರ ಶರೀಫಜ್ಜನ ತತ್ವಪದಾನ ಗಿಟಾರ್ ಡ್ರಮ್ಸ್ ಜೊತೆ ಹಾಡೋರು ಇದಾರೆ, ಪಂಚೆ ಉಟ್ಟು ಗೆಜ್ಜೆ ಕಟ್ಟಿ ಕುಣಿಯೋದನ್ನ ನೋಡಿದ್ರೆ ಮಕ್ಕಳಿಗೂ ಖುಷಿ, ಪದಗಳೂ ಅರ್ಥ ಆಗುತ್ತೆ, ಅಜ್ಜೀನೂ ಜೊತೆಗೆ ಬರ್ತಾರೆ.

ವಯಸ್ಸಿನ ವಿಷ್ಯಕ್ಕೆ ಬಂದ್ರೆ, ಮೂರು ವರ್ಷದ ಒಳಗಿನ ಮಕ್ಕಳನ್ನ ಮಫ್ ಇದ್ರೂ ನಾನು ಕರ್ಕೊಂಡು ಹೋಗಲ್ಲ, ಕಿವಿ ನೋವ್ತಿದೆ ಅಂತ ಹೇಳೋಕೂ ಬರಲ್ಲ ಅವಕ್ಕೆ. ನಮ್ಮ ನಾಲ್ಕು ವರ್ಷದ ಮಗನ್ನೂ ಸದ್ಯಕ್ಕೆ ಅಜ್ಜಿ ಹತ್ರ ಬಿಟ್ಟೇ ಹೋಗೋದು. ಟಿಕೆಟ್ ಪೇಜಲ್ಲಿ ವಯಸ್ಸಿನ ಮಿತಿ ಸಣ್ಣ ಅಕ್ಷರದಲ್ಲಿ ಇರುತ್ತೆ, ದುಡ್ಡು ಕಟ್ಟೋಕೆ ಮುಂಚೆ ಓದಿ. ಸಮಾಧಾನದ ವಿಷ್ಯ ಏನಂದ್ರೆ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10 ಆದ್ಮೇಲೆ ಸ್ಪೀಕರ್ ಹಾಕೋ ಹಾಗಿಲ್ಲ, ಅದಕ್ಕೆ ಓಪನ್ ಏರ್ ಶೋಗಳು ಸಂಜೇನೇ ಶುರುವಾಗಿ ಹತ್ತರೊಳಗೆ ಮುಗಿಯೋದೇ ಜಾಸ್ತಿ.

ಆದ್ರೂ ನಾವು ಕೊನೇ ಹಾಡಿನವರೆಗೆ ನಿಲ್ಲಲ್ಲ. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದ್ರಲ್ಲ, ಅದಾದ್ಮೇಲೆ ಗೇಟ್ ಹತ್ರ ಜನ ಒತ್ತೋಕೆ ಶುರುವಾದ್ರೆ ನನ್ನ ಕೈ ತಾನಾಗೇ ಮಗಳ ಕೈನ ಬಿಗಿ ಹಿಡಿಯುತ್ತೆ. ಒಳಗೆ ಹೋದ ತಕ್ಷಣ ಹೊರಗೆ ಹೋಗೋ ದಾರಿ ಎಲ್ಲಿದೆ ಅಂತ ಅವಳಿಗೂ ತೋರಿಸ್ತೀನಿ, ಕೊನೇ ಎರಡು ಮೂರು ಹಾಡು ಇರೋವಾಗ ಹೊರಟ್ಬಿಡ್ತೀವಿ. ಅವಳ ಜೇಬಲ್ಲಿ ನನ್ನ ನಂಬರ್ ಬರೆದ ಚೀಟಿ ಇರುತ್ತೆ. ಇನ್ನೊಂದು ಮುಖ್ಯ ವಿಷ್ಯ, ಮಫ್ ಹಾಕಿರೋ ಮಗುವಿಗೆ ನೀವು ಹಿಂದಿಂದ ಕರೆದ್ರೆ ಕೇಳಲ್ಲ, ಹಾಗಾಗಿ ಕೈ ಬಿಡೋ ಹಾಗೇ ಇಲ್ಲ. ನಮ್ಮಲ್ಲಿ ಭುಜ ಎರಡು ಸಲ ತಟ್ಟಿದ್ರೆ ಹೊರಡೋಣ ಅಂತ ಅರ್ಥ.

ಮಫ್‌ಗೆ ನಾವು ಕೊಟ್ಟಿದ್ದು ಎರಡು ಸಾವಿರದ ಒಳಗೆ, ಒಂದು ಒಳ್ಳೆ ಶೋ ಟಿಕೆಟ್‌ಗಿಂತ ಕಮ್ಮಿನೇ. ಪಟ್ಟಿ ಉದ್ದ ಮಾಡ್ಬಹುದು, ಅದಕ್ಕೆ ಇನ್ನೂ ನಾಲ್ಕೈದು ವರ್ಷ ಬರುತ್ತೆ ಅಂದ್ಕೊಂಡಿದೀನಿ. ಕುಶನ್ ಗಟ್ಟಿಯಾಗಿ ಬಿರುಕು ಬಿಟ್ರೆ ಸದ್ದು ತಡೆಯಲ್ಲ, ಆವಾಗಾವಾಗ ಬೆರಳಲ್ಲಿ ಒತ್ತಿ ನೋಡ್ತಿರಿ. ಶೋ ಆದ್ಮೇಲೆ ಮಗು ಕಿವೀಲಿ ಗುಂಯ್ ಅಂತಿದೆ ಅಂದ್ರೆ, ಮಾರನೇ ದಿನಾನೂ ಹಾಗೇ ಇದ್ರೆ ತಡ ಮಾಡದೆ ಇಎನ್‌ಟಿ ಡಾಕ್ಟರ್‌ಗೆ ತೋರ್ಸಿ, ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ, ಬೆವರಿಗೆ ಅರ್ಧ ಕಟ್. ಶೋ ಮಾಡೋರಿಗೆ ಒಂದು ಮಾತು, ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಅಂತಾನೇ ಮಾನದಂಡ ಕೊಟ್ಟಿದೆ, 15 ನಿಮಿಷದ ಸರಾಸರಿ ಸದ್ದು 100 ಡೆಸಿಬಲ್ ದಾಟಬಾರದು, ಅಳೀತಾ ಇರ್ಬೇಕು, ಕಿವಿಗೆ ಹಾಕೋ ಪ್ಲಗ್ ಅಲ್ಲೇ ಸಿಗ್ಬೇಕು, ಕಿವಿಗೆ ರೆಸ್ಟ್ ಕೊಡೋಕೆ ಸದ್ದಿಲ್ಲದ ಜಾಗ ಇರ್ಬೇಕು ಅಂತ. ನಾವು ಹೋದ ಒಂದು ಕಡೆ ಮಗುವಿನ ನೀರಿನ ಬಾಟಲ್ ಕೂಡ ಗೇಟಲ್ಲೇ ಕಿತ್ಕೊಂಡ್ರು, ಒಳಗೆ ಕೂರೋಕೆ ಒಂದು ಬೆಂಚೂ ಇರ್ಲಿಲ್ಲ. ಟೀ ಶರ್ಟ್ ಮಾರೋ ಸ್ಟಾಲ್ ಪಕ್ಕದಲ್ಲೇ ಮಕ್ಕಳ ಮಫ್ ಬಾಡಿಗೆಗೆ ಇಡಿ, ಡೆಪಾಸಿಟ್ ಇಸ್ಕೊಳ್ಳಿ, ವಾಪಸ್ ಕೊಟ್ಟಾಗ ಒರೆಸಿ ಮುಂದಿನವರಿಗೆ ಕೊಡಿ. ಸೌಂಡ್ ಟೆಂಟ್ ಹಿಂದೆ ಒಂದಿಷ್ಟು ಜಾಗಕ್ಕೆ ಹಗ್ಗ ಕಟ್ಟಿ ಮಕ್ಕಳ ಜೊತೆ ಬಂದೋರಿಗೆ ಬಿಡಿ, ಅದಕ್ಕೆ ಟಿಕೆಟ್ ಮೇಲೆ ನೂರಿನ್ನೂರು ಜಾಸ್ತಿ ಹಾಕಿದ್ರೂ ನಾವು ಕೊಡ್ತೀವಿ.